ಪ್ರಶ್ನೆ ಕೇಳುವ ಹಕ್ಕು: ನರಕ್ಷಯ ರೋಗಗಳ ಸಂಶೋಧನೆಯಲ್ಲಿ ಜನರ ಪಾಲು

ಮೆದುಳಿನ ನರಕೋಶಗಳು ವರ್ಷಗಟ್ಟಲೆ ಮೆಲ್ಲಮೆಲ್ಲನೆ ನಶಿಸುತ್ತ ಹೋಗುವ ಕಾಯಿಲೆಗಳನ್ನು ನರಕ್ಷಯ ರೋಗಗಳೆಂದು ಕರೆಯುತ್ತಾರೆ. ಆಲ್‌ಝೈಮರ್, ಪಾರ್ಕಿನ್ಸನ್ ಮತ್ತು ಹಂಟಿಂಗ್ಟನ್ ರೋಗಗಳು ಈ ಗುಂಪಿನವು. ಇವುಗಳಲ್ಲಿ ಒಂದನ್ನೂ ಬುಡಸಮೇತ ಕೀಳುವ ಮದ್ದು ಇನ್ನೂ ಸಿಕ್ಕಿಲ್ಲ. ಹಾಗಾಗಿ ಸಂಶೋಧನೆಯ ಮೇಲೆ ರೋಗಿಗಳಿಗೂ ಮನೆಯವರಿಗೂ ಇರುವ ಭರವಸೆ ದೊಡ್ಡದು. ಸಂಶೋಧನೆಗೆ ಸಿಗುವ ಹಣ ಮಾತ್ರ ಎಂದೂ ಮಿತವೇ. ಎಲ್ಲ ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಹುಡುಕಲಾಗದು ಎಂದ ಮೇಲೆ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ವಿಚಾರ ಮುಂದೆ ಬರುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಆ ತೀರ್ಮಾನ ಪ್ರಾಧ್ಯಾಪಕರು, ಅನುದಾನ ಹಂಚುವ ಸಮಿತಿಗಳು ಮತ್ತು ಔಷಧ ಕಂಪನಿಗಳ ಕೈಯಲ್ಲೇ ಇತ್ತು. 1960ರ ದಶಕದ ಕೊನೆಯಿಂದ ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಅದರಲ್ಲಿ ಪಾಲು ಕೇಳತೊಡಗಿದರು. ಅಮೆರಿಕದಲ್ಲಿ ಅದು ಸಂಘಟನೆ, ಅಹವಾಲು ಮತ್ತು ಶಾಸನದ ದಾರಿ ಹಿಡಿಯಿತು. ಬ್ರಿಟನ್ನಿನಲ್ಲಿ ಪ್ರಶ್ನೆಗಳನ್ನು ಸಂಗ್ರಹಿಸಿ, ಸೋಸಿ, ಕ್ರಮಾಂಕ ಕೊಡುವ ಒಂದು ಪದ್ಧತಿಯೇ ಬೆಳೆಯಿತು. ಕೇಳುವ ಬಗೆ ಬದಲಾದಂತೆ ಹೊರಬಂದ ಪ್ರಶ್ನೆಗಳೂ ಬದಲಾದವು.

ವೈದ್ಯರ ಕಣ್ಣಿಗೆ ಬಿದ್ದ ರೋಗ

ಈ ರೋಗಗಳಿಗೆ ಹೆಸರು ಬಂದದ್ದೇ ಅವುಗಳನ್ನು ಬಣ್ಣಿಸಿದ ವೈದ್ಯರಿಂದ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ನಡುಕದ ಕಾಯಿಲೆಯ ಬಗ್ಗೆ ಚಿಕ್ಕ ಪ್ರಬಂಧವೊಂದನ್ನು ಪ್ರಕಟಿಸಿದ. ಅದರಲ್ಲಿ ಬರುವ ಆರು ಮಂದಿಯಲ್ಲಿ ಕೆಲವರನ್ನು ಅವನು ಬೀದಿಯಲ್ಲಷ್ಟೇ ಕಂಡಿದ್ದ. ಅಮೆರಿಕದ ಲಾಂಗ್ ಐಲೆಂಡಿನ ಜಾರ್ಜ್ ಹಂಟಿಂಗ್ಟನ್ ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1872ರಲ್ಲಿ, ತಂದೆ ಮತ್ತು ತಾತ ನೋಡಿಕೊಂಡು ಬಂದಿದ್ದ ಕುಟುಂಬಗಳ ಆಧಾರದ ಮೇಲೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಒಂದು ರೋಗವನ್ನು ವಿವರಿಸಿದ. ಜರ್ಮನಿಯ ಅಲೋಯಿಸ್ ಆಲ್‌ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಬಂದ 51 ವರ್ಷದ ಮಹಿಳೆಯೊಬ್ಬಳ ಮರೆವನ್ನು ದಾಖಲಿಸಿಕೊಂಡ. ಆಕೆ ತೀರಿಕೊಂಡ ಬಳಿಕ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 1906ರಲ್ಲಿ ಟ್ಯೂಬಿಂಗನ್‌ನ ಸಭೆಯೊಂದರಲ್ಲಿ ಕಂಡದ್ದನ್ನು ಹೇಳಿದ.

ಮೂವರ ಬರಹಗಳೂ ಇಂದಿಗೂ ಆಧಾರವೆನಿಸುವಷ್ಟು ನಿಖರವಾಗಿವೆ. ಅವುಗಳಲ್ಲಿ ರೋಗಿಯ ನಡಿಗೆ, ಮಾತು, ಮೆದುಳಿನ ಊತಕ ಎಲ್ಲವೂ ಇವೆ. ರೋಗಿಗೆ ತನ್ನ ಕಾಯಿಲೆಯ ಬಗ್ಗೆ ಏನು ತಿಳಿಯಬೇಕಿತ್ತು ಎಂಬುದಕ್ಕೆ ಜಾಗವಿರಲಿಲ್ಲ. ಮುಂದಿನ ಅರ್ಧ ಶತಮಾನದ ಸಂಶೋಧನೆಯೂ ಇದೇ ಜಾಡಿನಲ್ಲಿ ನಡೆಯಿತು. ಹಂಟಿಂಗ್ಟನ್‌ನಂಥ ಅಪರೂಪದ ರೋಗಕ್ಕೆ ಸಂಶೋಧಕರೇ ವಿರಳವಾಗಿದ್ದರು. ಮುದಿತನದ ಮರೆವನ್ನು ಹೆಚ್ಚಿನವರು ರೋಗವೆಂದೇ ಎಣಿಸುತ್ತಿರಲಿಲ್ಲ.

ಮನೆಯವರು ಕಟ್ಟಿದ ಸಂಘಗಳು

ಬದಲಾವಣೆ ಮೊದಲು ಕಾಣಿಸಿದ್ದು ಹಂಟಿಂಗ್ಟನ್ ರೋಗದಲ್ಲಿ. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನ ನಡುವೆ ಕೈಕಾಲುಗಳ ಅಂಕೆಯಿಲ್ಲದ ಚಲನೆ, ಮನಸ್ಸಿನ ಏರುಪೇರು, ಬುದ್ಧಿಶಕ್ತಿಯ ಇಳಿತ ಶುರುವಾಗುತ್ತವೆ. ಅಷ್ಟರಲ್ಲಿ ಆ ವ್ಯಕ್ತಿಗೆ ಮಕ್ಕಳಾಗಿರುತ್ತವೆ. ಹೀಗೆ ಒಂದು ಮನೆಯಲ್ಲಿ ಒಬ್ಬರು ರೋಗಿಯಾದರೆ ಉಳಿದವರು ಕಾಯುವವರಾಗುತ್ತಾರೆ.

ಅಮೆರಿಕದ ಹೆಸರಾಂತ ಜನಪದ ಗಾಯಕ ವುಡಿ ಗಥ್ರಿಗೆ 1952ರಲ್ಲಿ ಈ ರೋಗವೆಂದು ಗೊತ್ತಾಯಿತು. ಕೊನೆಯ ವರ್ಷಗಳನ್ನು ಆಸ್ಪತ್ರೆಗಳಲ್ಲಿ ಕಳೆದು 1967ರಲ್ಲಿ ತೀರಿಕೊಂಡ. ಅದೇ ವರ್ಷ, ನೃತ್ಯ ಶಿಕ್ಷಕಿಯಾಗಿದ್ದ ಅವನ ಮಾಜಿ ಪತ್ನಿ ಮಾರ್ಜರಿ ಗಥ್ರಿ ರೋಗಪೀಡಿತ ಕುಟುಂಬಗಳನ್ನು ಒಟ್ಟುಗೂಡಿಸಿ ಹಂಟಿಂಗ್ಟನ್ ರೋಗವನ್ನು ಎದುರಿಸುವ ಸಮಿತಿಯೊಂದನ್ನು ಹುಟ್ಟುಹಾಕಿದಳು. ಊರೂರು ಸುತ್ತಿ ಶಾಖೆಗಳನ್ನು ತೆರೆದಳು, ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಮಾತನಾಡಿದಳು, ಜನಪ್ರತಿನಿಧಿಗಳ ಬಾಗಿಲು ತಟ್ಟಿದಳು. ಲಾಸ್ ಏಂಜಲೀಸ್‌ನಲ್ಲಿ ಮನೋವಿಶ್ಲೇಷಕ ಮಿಲ್ಟನ್ ವೆಕ್ಸ್ಲರ್ ಹಿಡಿದ ದಾರಿ ಬೇರೆ. ಅವನಿಂದ ಬೇರೆಯಾಗಿದ್ದ ಹೆಂಡತಿ ಲಿಯೊನೋರ್‌ಗೆ 1968ರಲ್ಲಿ ರೋಗ ಪತ್ತೆಯಾದಾಗ ಇಬ್ಬರು ಹೆಣ್ಣುಮಕ್ಕಳಿಗೂ ಅಪಾಯವಿದೆ ಎಂಬುದು ಖಚಿತವಾಯಿತು. ಅವನು ಸ್ಥಾಪಿಸಿದ ಆನುವಂಶಿಕ ರೋಗಗಳ ಪ್ರತಿಷ್ಠಾನ ಯುವ ವಿಜ್ಞಾನಿಗಳನ್ನು ಕರೆಸಿ ಚಿಕ್ಕ ಕಮ್ಮಟಗಳನ್ನು ನಡೆಸಿತು. ಸಿದ್ಧ ಭಾಷಣಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ಎಷ್ಟೋ ಬಾರಿ ಕಮ್ಮಟ ಶುರುವಾಗುತ್ತಿದ್ದುದು ರೋಗಿಯೊಬ್ಬರ ಜೊತೆಗಿನ ಭೇಟಿಯಿಂದ. ಗಥ್ರಿಯ ಸಂಘ ಆರೈಕೆ, ಅರಿವು ಮತ್ತು ಸರ್ಕಾರದ ನೆರವಿಗೆ ಒತ್ತು ಕೊಟ್ಟರೆ, ವೆಕ್ಸ್ಲರ್ ಪ್ರತಿಷ್ಠಾನ ಮೂಲ ವಿಜ್ಞಾನಕ್ಕೆ ಒತ್ತು ಕೊಟ್ಟಿತು. ಬದುಕುವ ದಾರಿ ಮೊದಲೋ ಗುಣಪಡಿಸುವ ದಾರಿ ಮೊದಲೋ ಎಂಬ ಈ ಎಳೆದಾಟ ಮುಂದೆ ಎಲ್ಲ ನರಕ್ಷಯ ರೋಗಗಳ ಚರ್ಚೆಯಲ್ಲೂ ಮರುಕಳಿಸಿತು.

ಅಹವಾಲು ಕೇಳಿದ ಆಯೋಗ

ಈ ಒತ್ತಡದ ಫಲವಾಗಿ ಅಮೆರಿಕದ ಸಂಸತ್ತು 1975ರಲ್ಲಿ ಹಂಟಿಂಗ್ಟನ್ ರೋಗದ ಹತೋಟಿಗಾಗಿ ಆಯೋಗವೊಂದನ್ನು ರಚಿಸಲು ಕಾನೂನು ಮಾಡಿತು. ಮಾರ್ಜರಿ ಗಥ್ರಿ ಅದರ ಅಧ್ಯಕ್ಷೆ, ಮಿಲ್ಟನ್ ವೆಕ್ಸ್ಲರ್ ಉಪಾಧ್ಯಕ್ಷ. ಅವನ ಮಗಳು, ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ವೆಕ್ಸ್ಲರ್ ಕಾರ್ಯನಿರ್ವಾಹಕ ನಿರ್ದೇಶಕಿ. ಸಂಶೋಧನೆಯ ದಿಕ್ಕನ್ನು ಸೂಚಿಸಬೇಕಾದ ಸರ್ಕಾರಿ ಸಮಿತಿಯ ಚುಕ್ಕಾಣಿ ಹೀಗೆ ರೋಗಪೀಡಿತ ಕುಟುಂಬಗಳ ಕೈಗೇ ಬಂತು.

ಆಯೋಗ ದೇಶದ ಹಲವು ನಗರಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳನ್ನು ನಡೆಸಿತು. ರೋಗಿಗಳು, ಗಂಡ ಹೆಂಡಿರು, ಮಕ್ಕಳು, ದಾದಿಯರು, ವೈದ್ಯರು ಬಂದು ಮಾತನಾಡಿದರು. ಬರಲಾಗದವರು ಪತ್ರ ಬರೆದರು. ರೋಗವನ್ನು ಗುರುತಿಸಲಾಗದೆ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದು, ತೂರಾಡುವ ನಡಿಗೆ ಕಂಡು ಕುಡುಕರೆಂದು ತಿಳಿದದ್ದು, ಕೆಲಸ ಹೋದದ್ದು, ವಿಮೆ ಸಿಗದೆ ಹೋದದ್ದು, ಶುಶ್ರೂಷಾಗೃಹಗಳು ಸೇರಿಸಿಕೊಳ್ಳದೆ ಇದ್ದದ್ದು ಹೀಗೆ ಮನೆಮನೆಯ ಸಂಕಟ ಸರ್ಕಾರಿ ಕಡತ ಸೇರಿತು. 1977ರ ಅಕ್ಟೋಬರ್‌ನಲ್ಲಿ ಸಂಸತ್ತಿಗೆ ಸಲ್ಲಿಕೆಯಾದ ಬಹುಸಂಪುಟಗಳ ವರದಿಯಲ್ಲಿ ಸಂಶೋಧನೆಯ ಜೊತೆಗೆ ಆರೈಕೆ, ಆನುವಂಶಿಕ ಸಲಹೆ, ವೃತ್ತಿಪರರ ತರಬೇತಿ, ವಿಮೆಯ ತಾರತಮ್ಯ ಇವೆಲ್ಲಕ್ಕೂ ಶಿಫಾರಸುಗಳಿದ್ದವು.

ಈ ಶಿಫಾರಸುಗಳಲ್ಲಿ ಬೇಗ ಕೈಗೂಡಿದ್ದು ವಿಜ್ಞಾನದ ಭಾಗ. ವೆನೆಜುವೇಲಾದ ಮಾರಕೈಬೊ ಸರೋವರದ ದಂಡೆಯ ಹಳ್ಳಿಗಳಲ್ಲಿ ಈ ರೋಗ ಅಸಾಧಾರಣ ಪ್ರಮಾಣದಲ್ಲಿರುವುದನ್ನು ಅಲ್ಲಿನ ವೈದ್ಯ ಅಮೆರಿಕೊ ನೆಗ್ರೆಟೆ 1950ರ ದಶಕದಲ್ಲೇ ಬರೆದಿದ್ದ. 1972ರಲ್ಲಿ ಅಮೆರಿಕದ ಒಹಾಯೊದಲ್ಲಿ ನಡೆದ ಶತಮಾನೋತ್ಸವ ಸಮ್ಮೇಳನದಲ್ಲಿ ಆ ಹಳ್ಳಿಗಳ ಚಲನಚಿತ್ರ ತೋರಿಸಲಾಗಿತ್ತು. ಆಯೋಗದ ವರದಿಯ ಬಳಿಕ ನ್ಯಾನ್ಸಿ ವೆಕ್ಸ್ಲರ್ ತಂಡ ಅಲ್ಲಿಗೆ ಹೋಗತೊಡಗಿತು. ವರ್ಷಾವಧಿ ಭೇಟಿಗಳಲ್ಲಿ 18,000ಕ್ಕೂ ಹೆಚ್ಚು ಮಂದಿಯ ವಂಶವೃಕ್ಷ ಸಿದ್ಧವಾಯಿತು, ಸಾವಿರಾರು ರಕ್ತದ ಮಾದರಿಗಳು ಸಂಗ್ರಹವಾದವು. ಆ ಮಾದರಿಗಳ ನೆರವಿನಿಂದ ಜೇಮ್ಸ್ ಗುಸೆಲ್ಲಾ ಮತ್ತು ಸಂಗಡಿಗರು 1983ರಲ್ಲಿ ರೋಗದ ಗುರುತನ್ನು ನಾಲ್ಕನೆಯ ವರ್ಣತಂತುವಿನಲ್ಲಿ ಕಂಡರು. ಹತ್ತು ವರ್ಷದ ಬಳಿಕ, 1993ರಲ್ಲಿ, ಆರು ಸಂಶೋಧನ ಗುಂಪುಗಳ ಒಕ್ಕೂಟ ವಂಶವಾಹಿಯನ್ನೇ ಪತ್ತೆ ಮಾಡಿತು.

ಕುಟುಂಬಗಳು ಒತ್ತಾಯಿಸಿದ್ದ ಸಂಶೋಧನೆ ಇದು. ಇದರ ಮೊದಲ ಪ್ರಯೋಜನ ಕುಟುಂಬಗಳಿಗೆ ತಲುಪಿದ ರೀತಿ ಮಾತ್ರ ಎಣಿಸಿದಂತೆ ಇರಲಿಲ್ಲ. 1980ರ ದಶಕದ ನಡುಭಾಗದಿಂದ ರೋಗ ಬರುತ್ತದೋ ಇಲ್ಲವೋ ಎಂದು ಮೊದಲೇ ಹೇಳುವ ಪರೀಕ್ಷೆ ದೊರೆಯಿತು. ಪರೀಕ್ಷೆ ಬಂದರೆ ಮಾಡಿಸಿಕೊಳ್ಳುವುದಾಗಿ ಮುಂಚಿನ ಸಮೀಕ್ಷೆಗಳಲ್ಲಿ ಬಹುಮಂದಿ ಹೇಳಿದ್ದರು. ಬಂದ ಮೇಲೆ ಮಾಡಿಸಿಕೊಂಡವರು ಅಲ್ಪಸಂಖ್ಯಾತರು. ಚಿಕಿತ್ಸೆಯಿಲ್ಲದ ರೋಗದ ಮುನ್ಸೂಚನೆ ಇಟ್ಟುಕೊಂಡು ಏನು ಮಾಡುವುದು ಎಂಬ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರವಿರಲಿಲ್ಲ. ಅಂಕೆಯಿಲ್ಲದ ಚಲನೆಯನ್ನು ತಗ್ಗಿಸುವ ಔಷಧವೊಂದಕ್ಕೆ, ಟೆಟ್ರಾಬೆನಜೀನ್‌ಗೆ, ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2008ರಲ್ಲಿ. ರೋಗದ ಓಟವನ್ನು ತಡೆಯಬಹುದೆಂದು ನಂಬಿದ್ದ ಟೊಮಿನರ್ಸೆನ್ ಎಂಬ ಮದ್ದಿನ ದೊಡ್ಡ ಪ್ರಯೋಗ 2021ರಲ್ಲಿ ನಿಂತುಹೋಯಿತು.

ಶಾಸನಸಭೆಯ ದಾರಿ

ಹಂಟಿಂಗ್ಟನ್ ಆಯೋಗದ ಮಾದರಿ ಅಮೆರಿಕದಲ್ಲಿ ಬೇರೆ ರೋಗಗಳಿಗೂ ದಾರಿ ತೋರಿತು. ವೃದ್ಧಾಪ್ಯ ಸಂಶೋಧನೆಗೆಂದು 1974ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯ ಮೊದಲ ನಿರ್ದೇಶಕ ರಾಬರ್ಟ್ ಬಟ್ಲರ್, ಹೆಸರಿರುವ ಒಂದು ರೋಗದ ಸುತ್ತ ಜನ ಒಗ್ಗೂಡಿದರೆ ಮಾತ್ರ ಸಂಸತ್ತು ಹಣ ಕೊಡುತ್ತದೆ ಎಂಬುದನ್ನು ಬಲ್ಲವನು. ಚದುರಿಹೋಗಿದ್ದ ಆಲ್‌ಝೈಮರ್ ಕುಟುಂಬ ಗುಂಪುಗಳು ಒಂದಾಗಲು ಅವನ ಸಂಸ್ಥೆ ಉತ್ತೇಜನ ಕೊಟ್ಟಿತು. 1980ರಲ್ಲಿ ರಾಷ್ಟ್ರಮಟ್ಟದ ಸಂಘ ರೂಪುಗೊಂಡಿತು. ಇಲ್ಲಿ ಕುಟುಂಬಗಳು ಸಂಶೋಧಕರನ್ನು ಹುಡುಕಿಕೊಂಡು ಹೋಗಲಿಲ್ಲ, ಸಂಶೋಧನ ಸಂಸ್ಥೆಯೇ ಕುಟುಂಬಗಳನ್ನು ಕರೆಯಿತು.

ಪಾರ್ಕಿನ್ಸನ್ ರೋಗದಲ್ಲಿ ರೋಗಿಗಳೇ ಮುಂದೆ ನಿಂತರು. ಸ್ವತಃ ಈ ರೋಗದಿಂದ ಬಳಲುತ್ತಿದ್ದ ಮಾಜಿ ಸಂಸದ ಮಾರಿಸ್ ಯುಡಾಲ್ ಹೆಸರಿನಲ್ಲಿ 1997ರಲ್ಲಿ ಸಂಶೋಧನ ಕಾಯ್ದೆಯೊಂದು ಅಂಗೀಕಾರವಾಯಿತು. 1999ರಲ್ಲಿ ನಟ ಮೈಕೆಲ್ ಜೆ. ಫಾಕ್ಸ್ ಸೆನೆಟ್ ಸಮಿತಿಯ ಮುಂದೆ ಮಾತ್ರೆ ತೆಗೆದುಕೊಳ್ಳದೆ ಹಾಜರಾಗಿ, ರೋಗ ಹೇಗಿರುತ್ತದೆಂದು ಸಂಸದರಿಗೆ ಕಣ್ಣಾರೆ ಕಾಣಿಸಿದ. ಮರುವರ್ಷ ಅವನ ಪ್ರತಿಷ್ಠಾನ ಹುಟ್ಟಿತು. 2011ರ ಜನವರಿಯಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆಲ್‌ಝೈಮರ್ ಯೋಜನೆ ಕಾಯ್ದೆ ಸಲಹಾ ಮಂಡಳಿಯೊಂದನ್ನು ರಚಿಸಿತು. ಅದರ ಸಭೆಗಳು ಬಹಿರಂಗವಾಗಿ ನಡೆದವು, ಸಾರ್ವಜನಿಕರು ಮಾತನಾಡಲು ಪ್ರತಿ ಸಭೆಯಲ್ಲೂ ಸಮಯ ಮೀಸಲಾಯಿತು. ಆಗ ವರ್ಷಕ್ಕೆ ಸುಮಾರು 45 ಕೋಟಿ ಡಾಲರ್ ಇದ್ದ ಆಲ್‌ಝೈಮರ್ ಸಂಶೋಧನೆಯ ಸರ್ಕಾರಿ ಅನುದಾನ ಹತ್ತು ಚಿಲ್ಲರೆ ವರ್ಷಗಳಲ್ಲಿ 300 ಕೋಟಿ ಡಾಲರ್ ದಾಟಿತು.

ಈ ದಾರಿಯಿಂದ ಹಣದ ಮೊತ್ತ ಹೆಚ್ಚಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಆ ಹಣ ಯಾವ ಪ್ರಶ್ನೆಗೆ ಹೋಗಬೇಕು ಎಂಬುದನ್ನು ಬಹುಮಟ್ಟಿಗೆ ವಿಜ್ಞಾನಿಗಳೇ ತೀರ್ಮಾನಿಸಿದರು. 2014ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ನರರೋಗ ಸಂಸ್ಥೆ ಪಾರ್ಕಿನ್ಸನ್ ಸಂಶೋಧನೆಯ ಆದ್ಯತೆಗಳನ್ನು ಗೊತ್ತುಪಡಿಸಲು ಸಮ್ಮೇಳನ ನಡೆಸಿತು. ವಿಜ್ಞಾನಿಗಳು, ವೈದ್ಯರು, ರೋಗಿಪರ ಸಂಘಗಳವರು ಅದರಲ್ಲಿದ್ದರು. ಶಿಫಾರಸುಗಳು ಮೂಲ ವಿಜ್ಞಾನ, ಅದನ್ನು ಚಿಕಿತ್ಸೆಯತ್ತ ತರುವ ಸಂಶೋಧನೆ, ರೋಗಿಗಳ ಮೇಲಿನ ಅಧ್ಯಯನ ಎಂಬ ಮೂರು ವಿಭಾಗಗಳಲ್ಲಿ ಹೊರಬಂದವು. ಆ ವಿಂಗಡಣೆಯೇ ಸಂಶೋಧಕರ ಕೆಲಸದ ಕ್ರಮವನ್ನು ಅನುಸರಿಸಿತ್ತು.

ಬ್ರಿಟನ್ನಿನ ಪದ್ಧತಿ

ಬ್ರಿಟನ್ನಿನಲ್ಲಿ ಈ ಪ್ರಶ್ನೆ ಬೇರೆ ಕಡೆಯಿಂದ ಎದ್ದಿತು. ಚಿಕಿತ್ಸೆಗಳ ಪರಿಣಾಮವನ್ನು ಪ್ರಯೋಗಗಳ ಮೂಲಕ ಅಳೆಯಬೇಕೆಂದು ವಾದಿಸುತ್ತಿದ್ದ ವೈದ್ಯರು, ನಡೆಯುತ್ತಿರುವ ಪ್ರಯೋಗಗಳು ಯಾರಿಗೆ ಬೇಕಾದವು ಎಂದು ಕೇಳತೊಡಗಿದರು. ಮಂಡಿ ಸವೆತದ ಬಗ್ಗೆ 2000ದಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದಕ್ಕೆ ಆಧಾರ ಒದಗಿಸಿತು. ಪ್ರಕಟವಾಗಿದ್ದ ಸಂಶೋಧನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಔಷಧಿಗಳ ಬಗೆಗಿತ್ತು. ರೋಗಿಗಳು ಬಯಸಿದ್ದು ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಹಾಗೂ ತಿಳಿವಳಿಕೆ, ಸಲಹೆಗಳ ಬಗೆಗಿನ ಅಧ್ಯಯನ.

2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಸಂಸ್ಥೆ ಹುಟ್ಟಿತು. ಅದರ ಹಿಂದಿದ್ದವರು ಚಿಕಿತ್ಸಾ ಪ್ರಯೋಗಗಳ ಫಲಿತಾಂಶಗಳನ್ನು ಕ್ರೋಡೀಕರಿಸುವ ಕಾಕ್ರನ್ ಸಹಯೋಗದ ಸ್ಥಾಪಕರಲ್ಲೊಬ್ಬನಾದ ಇಯಾನ್ ಚಾಮರ್ಸ್, ಏಡ್ಸ್ ರೋಗಿಗಳ ಸೇವಾಸಂಸ್ಥೆಯೊಂದರ ಮುಖ್ಯಸ್ಥ ನಿಕ್ ಪಾರ್ಟ್ರಿಜ್ ಮತ್ತು ನರರೋಗತಜ್ಞ ಜಾನ್ ಸ್ಕ್ಯಾಡಿಂಗ್. 1747ರಲ್ಲಿ ಹಡಗಿನ ಮೇಲೆ ಸ್ಕರ್ವಿ ರೋಗದ ಹನ್ನೆರಡು ನಾವಿಕರನ್ನು ಜೋಡಿಗಳಾಗಿ ವಿಂಗಡಿಸಿ, ಆರು ಬಗೆಯ ಉಪಚಾರ ಕೊಟ್ಟು, ಕಿತ್ತಳೆ ನಿಂಬೆಗಳ ಗುಣವನ್ನು ತೋರಿಸಿದ ನೌಕಾವೈದ್ಯ ಜೇಮ್ಸ್ ಲಿಂಡ್‌ನ ನೆನಪಿಗೆ ಆ ಹೆಸರು. ಆದ್ಯತೆ ಗೊತ್ತುಪಡಿಸುವ ಅಲಯನ್ಸ್‌ನ ಮೊದಲ ಪಾಲುದಾರಿಕೆ 2007ರಲ್ಲಿ ಉಬ್ಬಸದ ಬಗ್ಗೆ ನಡೆಯಿತು. 2013ರಿಂದ ಇದರ ಆಡಳಿತಕ್ಕೆ ಸರ್ಕಾರಿ ಆರೋಗ್ಯ ಸಂಶೋಧನ ಸಂಸ್ಥೆಯ ಬೆಂಬಲ ದೊರೆಯಿತು.

ಪದ್ಧತಿಯ ಹಂತಗಳು ಹೀಗಿವೆ. ಮೊದಲು ರೋಗಿಗಳು, ಆರೈಕೆ ಮಾಡುವವರು ಮತ್ತು ಚಿಕಿತ್ಸೆ ನೀಡುವ ವೃತ್ತಿಪರರು ಕೂಡಿದ ಮಾರ್ಗದರ್ಶಿ ಸಮಿತಿ ರಚನೆಯಾಗುತ್ತದೆ. ತಟಸ್ಥ ಸಲಹೆಗಾರರೊಬ್ಬರು ಅದನ್ನು ನಡೆಸುತ್ತಾರೆ. ಬಳಿಕ ಸಮೀಕ್ಷೆಯ ಮೂಲಕ ಈ ಮೂರೂ ವರ್ಗದವರಿಂದ ಉತ್ತರ ಸಿಗದ ಪ್ರಶ್ನೆಗಳನ್ನು ಕೇಳಿ ಪಡೆಯುತ್ತಾರೆ. ಬಂದ ಸಾವಿರಾರು ಮಾತುಗಳಲ್ಲಿ ಒಂದೇ ಅರ್ಥದವನ್ನು ಕೂಡಿಸಿ, ವ್ಯಾಪ್ತಿಯ ಹೊರಗಿನವನ್ನು ತೆಗೆದು, ಸಂಶೋಧನೆಗೆ ಒಗ್ಗುವ ಪ್ರಶ್ನೆಗಳಾಗಿ ಬರೆಯುತ್ತಾರೆ. ಈಗಾಗಲೇ ಪ್ರಕಟವಾದ ಸಮೀಕ್ಷಾಲೇಖನಗಳಲ್ಲಿ ಉತ್ತರವಿರುವ ಪ್ರಶ್ನೆಗಳನ್ನು ಇಲ್ಲಿ ಕೈಬಿಡುತ್ತಾರೆ. ಉಳಿದವನ್ನು ಎರಡನೆಯ ಸಮೀಕ್ಷೆಯಲ್ಲಿ ಜನರ ಮುಂದಿಟ್ಟು ಚಿಕ್ಕ ಪಟ್ಟಿ ತಯಾರಿಸುತ್ತಾರೆ. ಕೊನೆಗೆ ಎಲ್ಲ ವರ್ಗದವರೂ ಒಂದೆಡೆ ಸೇರಿ, ಸಣ್ಣ ಗುಂಪುಗಳಲ್ಲಿ ಚರ್ಚಿಸಿ, ಮೊದಲ ಹತ್ತನ್ನು ಗೊತ್ತುಮಾಡುತ್ತಾರೆ. ರೋಗಿಗಳನ್ನು ನೋಡದ ಶುದ್ಧ ಸಂಶೋಧಕರಿಗೂ ಔಷಧ ಕಂಪನಿಗಳಿಗೂ ಮತವಿಲ್ಲ. ಅಹವಾಲು ಸಭೆಯಲ್ಲಿ ಜನರ ಮಾತನ್ನು ಶಿಫಾರಸಾಗಿ ಮಾರ್ಪಡಿಸುತ್ತಿದ್ದವರು ಆಯೋಗದ ಸದಸ್ಯರು. ಇಲ್ಲಿ ಕ್ರಮಾಂಕ ಕೊಡುವ ಕೆಲಸವೂ ಜನರದೇ.

ಡಿಮೆನ್ಶಿಯಾದ ಹತ್ತು ಪ್ರಶ್ನೆಗಳು

ಬ್ರಿಟನ್ನಿನ ಆಲ್‌ಝೈಮರ್ಸ್ ಸೊಸೈಟಿಗೆ ಈ ಕೆಲಸ ಹೊಸದಾಗಿರಲಿಲ್ಲ. 1979ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1999ರ ಸುಮಾರಿಗೇ ಆರೈಕೆ ಮಾಡುವವರ ಜಾಲವೊಂದನ್ನು ಕಟ್ಟಿ, ಅನುದಾನದ ಅರ್ಜಿಗಳನ್ನು ಅವರಿಂದ ಓದಿಸುತ್ತಿತ್ತು, ಆಯ್ಕೆ ಸಮಿತಿಯಲ್ಲಿ ಅವರನ್ನು ಕೂರಿಸುತ್ತಿತ್ತು. 2002ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಿಮೆನ್ಶಿಯಾ (ಆಲ್‌ಝೈಮರ್‌ನಂಥ ರೋಗಗಳಿಂದ ನೆನಪು, ಬುದ್ಧಿಶಕ್ತಿ ಕುಂದುವ ಸ್ಥಿತಿ) ಇರುವವರೇ ಸದಸ್ಯರಾಗಿರುವ ಕಾರ್ಯಗುಂಪು ಹುಟ್ಟಿತು. ಮರೆವಿನ ರೋಗ ಬಂದವರ ಪರವಾಗಿ ಇತರರು ಮಾತನಾಡುವ ರೂಢಿಗೆ ಅದು ಸವಾಲಾಯಿತು.

ಸೊಸೈಟಿ ಮತ್ತು ಜೇಮ್ಸ್ ಲಿಂಡ್ ಅಲಯನ್ಸ್ ಕೂಡಿ ನಡೆಸಿದ ಡಿಮೆನ್ಶಿಯಾ ಸಮೀಕ್ಷೆಗೆ 1,500ಕ್ಕೂ ಹೆಚ್ಚು ಉತ್ತರಪತ್ರಿಕೆಗಳು ಬಂದವು. ಅವುಗಳಲ್ಲಿ 4,000ಕ್ಕೂ ಮೀರಿದ ಪ್ರಶ್ನೆಗಳಿದ್ದವು. ಸೋಸಿದ ಬಳಿಕ 2013ರಲ್ಲಿ ಮೊದಲ ಹತ್ತರ ಪಟ್ಟಿ ಹೊರಬಂತು. ರೋಗದ ಎಲ್ಲ ಹಂತಗಳಲ್ಲೂ, ಎಲ್ಲ ಕಡೆಗಳಲ್ಲೂ ವ್ಯಕ್ತಿ ಆದಷ್ಟು ಸ್ವತಂತ್ರವಾಗಿ ಇರಲು ಯಾವ ಬಗೆಯ ಆರೈಕೆ ನೆರವಾಗುತ್ತದೆ ಎಂಬುದು ಮೊದಲನೆಯ ಪ್ರಶ್ನೆ. ಬೇರೆ ಕಾಯಿಲೆಗಾಗಿ ಆಸ್ಪತ್ರೆ ಸೇರಿದಾಗ ಇವರನ್ನು ಹೇಗೆ ನೋಡಿಕೊಳ್ಳಬೇಕು, ರೋಗ ಬೇಗ ಪತ್ತೆಯಾದರೆ ಏನು ಪ್ರಯೋಜನ, ಊಟ ನೀರು ಸೇವಿಸುವಂತೆ ಮಾಡುವುದು ಹೇಗೆ, ಆರೈಕೆ ಕೇಂದ್ರಕ್ಕೆ ಯಾವಾಗ ಸೇರಿಸಬೇಕು, ನೋಡಿಕೊಳ್ಳುವ ಮನೆಯವರಿಗೆ ಯಾವ ಆಸರೆ ಬೇಕು, ಔಷಧಿಯಿಲ್ಲದೆ ಸಿಟ್ಟು ಚಡಪಡಿಕೆಗಳನ್ನು ನಿಭಾಯಿಸುವುದು ಹೇಗೆ, ಕೊನೆಗಾಲದ ಆರೈಕೆ ಹೇಗಿರಬೇಕು ಎಂಬಂಥವು ಪಟ್ಟಿಯಲ್ಲಿದ್ದವು.

ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆದುಹಾಕುವ ಔಷಧಿಗಳ ಹಿಂದೆ ಜಗತ್ತಿನ ಪ್ರಯೋಗಾಲಯಗಳು ಓಡುತ್ತಿದ್ದ ಕಾಲ ಅದು. ಪಟ್ಟಿಯಲ್ಲಿ ಅಮಿಲಾಯ್ಡ್‌ನ ಸುಳಿವಿರಲಿಲ್ಲ. ಅದಕ್ಕೆ ಒಂದು ಕಾರಣ ಸಮೀಕ್ಷೆಯ ವ್ಯಾಪ್ತಿ: ರೋಗದ ಮೂಲಕಾರಣ ಅದರ ಪರಿಧಿಯ ಹೊರಗಿತ್ತು. ಇನ್ನೊಂದು ಕಾರಣ ಉತ್ತರಿಸಿದವರು. ಬಹುಪಾಲು ಉತ್ತರಗಳು ಸಂಬಂಧಿಕರಿಂದ, ಆರೈಕೆ ಮಾಡುವವರಿಂದ ಮತ್ತು ವೃತ್ತಿಪರರಿಂದ ಬಂದವು. ಡಿಮೆನ್ಶಿಯಾ ಇರುವವರ ಪಾಲು ತೀರ ಚಿಕ್ಕದಾಗಿತ್ತು. ಆರೈಕೆ ಕೇಂದ್ರಕ್ಕೆ ಸೇರಿಸುವ ಸಮಯ ಯಾವುದು ಎಂಬ ಪ್ರಶ್ನೆ ನೋಡಿಕೊಳ್ಳುವವರದು. ಸೇರಬೇಕಾದ ವ್ಯಕ್ತಿ ಅದನ್ನೇ ಬೇರೆ ರೀತಿ ಕೇಳಬಹುದಿತ್ತು. ಸ್ಕಾಟ್ಲೆಂಡಿನ ಕಾರ್ಯಗುಂಪು 2014ರಲ್ಲಿ ಡಿಮೆನ್ಶಿಯಾ ಇರುವವರನ್ನು ಸಂಶೋಧನೆಯಲ್ಲಿ ಒಳಗೊಳ್ಳುವ ತತ್ತ್ವಗಳನ್ನು ತಾನೇ ಬರೆದು ಪ್ರಕಟಿಸಿದ್ದು ಈ ಕೊರತೆಯ ಹಿನ್ನೆಲೆಯಲ್ಲಿ ಮುಖ್ಯವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ತಜ್ಞರನ್ನು ಮುಂದಿಟ್ಟುಕೊಂಡು ಇದೇ ಕೆಲಸವನ್ನು ಬೇರೆ ರೀತಿ ಮಾಡಿತು. 2016ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ 863 ಪ್ರಶ್ನೆಗಳನ್ನು 59 ವಿಷಯಗಳಾಗಿ ಅಡಕಗೊಳಿಸಿ, 39 ದೇಶಗಳ 162 ಮಂದಿ ಸಂಶೋಧಕರು ಮತ್ತು ಸಂಬಂಧಪಟ್ಟವರು ನಿಗದಿತ ಅಳತೆಗೋಲಿನಲ್ಲಿ ಅಂಕ ಕೊಟ್ಟರು. ಅಲ್ಲಿಯೂ ರೋಗ ಬರದಂತೆ ತಡೆಯುವುದು ಮತ್ತು ಆರೈಕೆಯ ಗುಣಮಟ್ಟ ಮೇಲಿನ ಸ್ಥಾನಗಳಲ್ಲಿ ಕಂಡವು. ತಜ್ಞರ ಪಟ್ಟಿ ಜನರ ಪಟ್ಟಿಗೆ ಸದಾ ವಿರುದ್ಧವಾಗಿರುತ್ತದೆ ಎಂಬ ಊಹೆಯನ್ನು ಇದು ಸಡಿಲಿಸುತ್ತದೆ.

ಪಾರ್ಕಿನ್ಸನ್ ಪಟ್ಟಿ

ಬ್ರಿಟನ್ನಿನ ಪಾರ್ಕಿನ್ಸನ್ ಸಂಘವನ್ನು 1969ರಲ್ಲಿ ಸ್ಥಾಪಿಸಿದವಳು ಮಾಲಿ ಜೆಂಕಿನ್ಸ್. ಅವಳ ಸಹೋದರಿಗೆ ಈ ರೋಗವಿತ್ತು. ಮೆದುಳಿನಲ್ಲಿ ಕಡಿಮೆಯಾಗುವ ಡೋಪಮಿನ್ ಎಂಬ ರಾಸಾಯನಿಕವನ್ನು ತುಂಬಿಕೊಡುವ ಲೆವೊಡೋಪ ಮದ್ದು ಬಳಕೆಗೆ ಬಂದದ್ದೂ ಅದೇ ಸುಮಾರಿಗೆ. ಕಂಬದಂತೆ ಬಿಗಿದು ಕೂತವರು ಎದ್ದು ನಡೆದಾಗ ಸಮಸ್ಯೆ ಬಗೆಹರಿಯಿತೆಂದೇ ಅನೇಕರು ಭಾವಿಸಿದರು. ಕೆಲವು ವರ್ಷಗಳಲ್ಲಿ ಮದ್ದಿನ ಮಿತಿ ತಿಳಿಯಿತು. ಗುಳಿಗೆಯ ಪ್ರಭಾವ ಇಳಿದಾಗ ದೇಹ ಬಿಗಿಯುವುದು, ಏರಿದಾಗ ಕೈಕಾಲು ತಾವೇ ತಿರುಚಿ ಅಲುಗಾಡುವುದು ಕಾಣಿಸಿಕೊಂಡವು. ನಿದ್ರೆ, ಮೂತ್ರ, ಆತಂಕ, ಮರೆವು ಇವುಗಳ ಮೇಲೆ ಮದ್ದಿನ ಪರಿಣಾಮ ಅಷ್ಟಾಗಿರಲಿಲ್ಲ. ನರರೋಗತಜ್ಞರ ಗಮನ ನಡುಕ, ಬಿಗಿತ, ನಿಧಾನಗತಿಗಳ ಮೇಲಿದ್ದಾಗ ರೋಗಿಯ ದಿನ ಈ ಉಳಿದ ತೊಂದರೆಗಳಲ್ಲಿ ಸವೆಯುತ್ತಿತ್ತು.

2010ರಿಂದ ಪಾರ್ಕಿನ್ಸನ್ಸ್ ಯುಕೆ ಎಂಬ ಹೆಸರು ಪಡೆದ ಈ ಸಂಸ್ಥೆ ಜೇಮ್ಸ್ ಲಿಂಡ್ ಅಲಯನ್ಸ್ ಜೊತೆ ನಡೆಸಿದ ಪಾಲುದಾರಿಕೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ವರದಿಯ ಮೊದಲ ಲೇಖಕಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಕ್ಯಾಥರೀನ್ ಡೀನ್. ಸುಮಾರು 1,000 ಮಂದಿ ಪ್ರಶ್ನೆಗಳನ್ನು ಕಳಿಸಿದರು, ಅವರಲ್ಲಿ ಶೇಕಡ 60ರಷ್ಟು ಮಂದಿ ಸ್ವತಃ ರೋಗಿಗಳು. 4,100 ಉತ್ತರಗಳು ಸೋಸಿ 94 ಪ್ರಶ್ನೆಗಳಾದವು. ಎರಡನೆಯ ಸುತ್ತಿನಲ್ಲಿ 475 ಮಂದಿ ಅವುಗಳನ್ನು ತೂಗಿದರು. ಕೊನೆಯ ಸಭೆಯಲ್ಲಿ 27 ಮಂದಿ ಕೂಡಿ ಹತ್ತನ್ನು ಆರಿಸಿದರು.

ಪಟ್ಟಿಯ ತಲೆಯಲ್ಲಿದ್ದದ್ದು ಸಮತೋಲ ತಪ್ಪುವುದು ಮತ್ತು ಬೀಳುವುದು. ಅದರ ಬೆನ್ನಿಗೇ ಒತ್ತಡ ಮತ್ತು ಆತಂಕ, ಬಳಿಕ ಮದ್ದಿನಿಂದಾಗುವ ಅಂಕೆ ಮೀರಿದ ಚಲನೆ. ರೋಗದ ಬೇರೆ ಬೇರೆ ಬಗೆಗಳನ್ನು ಗುರುತಿಸಿ ಅವಕ್ಕೆ ತಕ್ಕ ಚಿಕಿತ್ಸೆ ರೂಪಿಸುವುದು, ಡಿಮೆನ್ಶಿಯಾ, ಅದಕ್ಕೂ ಮುಂಚಿನ ಮರೆವು ಮತ್ತು ಏಕಾಗ್ರತೆಯ ಕೊರತೆ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅಳೆಯುವ ವಿಧಾನ, ನಿದ್ರೆ, ಬೆರಳುಗಳ ಸೂಕ್ಷ್ಮ ಕೆಲಸ, ಮೂತ್ರದ ತೊಂದರೆ ಇವು ಉಳಿದವು. ಅದೇ ವರ್ಷದ ಅಮೆರಿಕನ್ ಶಿಫಾರಸುಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಪ್ರಯೋಗಾಲಯದಿಂದ ಹೊರಟು ಹಾಸಿಗೆಯ ಬಳಿಗೆ ಬರುತ್ತದೆ, ಇನ್ನೊಂದು ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದರಿಂದ ರಾತ್ರಿಯ ನಿದ್ರೆಯವರೆಗೆ ಹಬ್ಬಿದೆ.

ರೋಗವನ್ನು ಪೂರ್ತಿ ಗುಣಪಡಿಸಬೇಕೆಂಬ ಬೇಡಿಕೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಇಲ್ಲೂ ಎದ್ದಿತು. ಉತ್ತರಿಸಿದವರು ಅದನ್ನು ಬಯಸಿಯೇ ಇದ್ದರು. ವರದಿ ಅದನ್ನು ಎಲ್ಲಕ್ಕೂ ಮೇಲಿನ ಹಾರೈಕೆಯೆಂದು ದಾಖಲಿಸಿ, ಹತ್ತರ ಪಟ್ಟಿಯನ್ನು ರೋಗದ ನಿರ್ವಹಣೆಗೆ ಮೀಸಲಿಟ್ಟಿತು. ಗುಣಪಡಿಸುವುದೇ ಮುಖ್ಯವೆಂದವರ ದಾರಿಯೂ ನಿಲ್ಲಲಿಲ್ಲ. ಚಿಕ್ಕ ವಯಸ್ಸಿನಲ್ಲೇ ರೋಗಕ್ಕೆ ಸಿಕ್ಕಿ ಬ್ರಿಟನ್ನಿನ ಕರಾವಳಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಟಾಮ್ ಐಸಾಕ್ಸ್ 2005ರಲ್ಲಿ ಇತರರೊಡನೆ ಕಟ್ಟಿದ ಕ್ಯೂರ್ ಪಾರ್ಕಿನ್ಸನ್ಸ್ ಟ್ರಸ್ಟ್, ರೋಗದ ಗತಿಯನ್ನೇ ನಿಧಾನಿಸಬಲ್ಲ ಮದ್ದುಗಳ ಪ್ರಯೋಗಗಳಿಗೆ ತನ್ನ ಹಣವನ್ನೆಲ್ಲ ತಿರುಗಿಸಿತು.

ಪಟ್ಟಿಯ ನಂತರ

ಪಟ್ಟಿ ಪ್ರಕಟವಾದರೆ ಅನುದಾನ ತಾನಾಗಿ ಹಿಂಬಾಲಿಸುವುದಿಲ್ಲ. 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಅಲಯನ್ಸ್‌ನ ಹಲವು ರೋಗಗಳ ಪಟ್ಟಿಗಳನ್ನೂ ಆಗ ನೋಂದಣಿಯಾಗಿದ್ದ ಪ್ರಯೋಗಗಳನ್ನೂ ಹೋಲಿಸಿತು. ಜನ ಮತ್ತು ವೈದ್ಯರು ಆದ್ಯತೆ ಕೊಟ್ಟ ಚಿಕಿತ್ಸೆಗಳಲ್ಲಿ ಔಷಧಿಗಳ ಪಾಲು ಶೇಕಡ 18. ವಾಣಿಜ್ಯೇತರ ಪ್ರಯೋಗಗಳಲ್ಲಿ ಅದು ಶೇಕಡ 37, ಕಂಪನಿಗಳ ಪ್ರಯೋಗಗಳಲ್ಲಿ ಶೇಕಡ 86. ವ್ಯಾಯಾಮ, ಆರೈಕೆಯ ಕ್ರಮ, ಸಲಹೆ ಇಂಥವುಗಳಿಗೆ ಹಕ್ಕುಸ್ವಾಮ್ಯ ಸಿಗದು, ಲಾಭವೂ ಬಾರದು. ಹಾಗಾಗಿ ಅವುಗಳ ಪರೀಕ್ಷೆಗೆ ಹಣ ಹಾಕಬೇಕಾದವರು ಸರ್ಕಾರ ಮತ್ತು ಸೇವಾಸಂಸ್ಥೆಗಳು ಮಾತ್ರ.

ಕೆಲವು ಪ್ರಶ್ನೆಗಳಿಗೆ ಅಂಥ ಹಣ ಸಿಕ್ಕಿತು. ಆಲ್‌ಝೈಮರ್ಸ್ ಸೊಸೈಟಿಯ ನೆರವಿನಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ನಡೆಸಿದ ನೈಡಸ್ ಅಧ್ಯಯನ, 2013ರ ಪಟ್ಟಿಯ ಮೊದಲ ಪ್ರಶ್ನೆಯಾದ ಸ್ವತಂತ್ರ ಬದುಕನ್ನೇ ಎತ್ತಿಕೊಂಡಿತು. 302 ರೋಗಿ-ಆರೈಕೆದಾರ ಜೋಡಿಗಳು ಅದರಲ್ಲಿ ಭಾಗವಹಿಸಿದರು. ತರಬೇತಿ ಪಡೆದ ಸಹಾಯಕರು ಮನೆಯವರೊಂದಿಗೆ ಕೂತು, ಅವರೇ ಇಟ್ಟುಕೊಂಡ ಗುರಿಗಳ ಮೇಲೆ ಕೆಲಸ ಮಾಡಿದರೆ ಆ ಗುರಿಗಳು ಹೆಚ್ಚು ಕೈಗೂಡುತ್ತವೆ ಎಂದು 2024ರಲ್ಲಿ ಅದರ ಫಲಿತಾಂಶ ತೋರಿಸಿತು. ಪಾರ್ಕಿನ್ಸನ್ ಪಟ್ಟಿಯ ಮೊದಲ ಪ್ರಶ್ನೆಯಾದ ಬೀಳುವಿಕೆಯ ಬಗ್ಗೆ ಎರಡು ದಿಕ್ಕಿನಿಂದ ಕೆಲಸ ನಡೆಯಿತು. 474 ಮಂದಿಯ ಮೇಲೆ ಮನೆಯಲ್ಲೇ ಫಿಸಿಯೋಥೆರಪಿ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಟ್ಟಾರೆ ಬೀಳುವುದು ಕಡಿಮೆಯಾಗಲಿಲ್ಲ. ರೋಗ ಮಧ್ಯಮ ಹಂತದಲ್ಲಿದ್ದವರಿಗೆ ಲಾಭವಾಯಿತು, ತೀವ್ರವಾಗಿದ್ದವರು ಇನ್ನಷ್ಟು ಬಿದ್ದರು. ಡಿಮೆನ್ಶಿಯಾಕ್ಕೆ ಕೊಡುವ ರಿವಾಸ್ಟಿಗ್ಮಿನ್ ನಡಿಗೆಯನ್ನು ಸ್ಥಿರಗೊಳಿಸಬಹುದೆಂದು ಬ್ರಿಸ್ಟಲ್‌ನ ತಂಡ 130 ಮಂದಿಯ ಪ್ರಯೋಗದ ಆಧಾರದ ಮೇಲೆ 2016ರಲ್ಲಿ ವರದಿ ಮಾಡಿತು. ಅದನ್ನು ದೃಢಪಡಿಸಲು ಸರ್ಕಾರಿ ಹಣದಲ್ಲಿ 600 ಮಂದಿಯ ದೊಡ್ಡ ಪ್ರಯೋಗ ಕೈಗೊಳ್ಳಲಾಯಿತು.

ಪದ್ಧತಿಯ ಮಿತಿಗಳೂ ಈಗ ಸ್ಪಷ್ಟವಾಗಿವೆ. ಸಮೀಕ್ಷೆಗೆ ಉತ್ತರಿಸುವವರಲ್ಲಿ ಓದುಬರಹ, ಬಿಡುವು ಮತ್ತು ಸಂಘಗಳ ಒಡನಾಟ ಇರುವವರೇ ಹೆಚ್ಚು. ರೋಗ ಮುಂದುವರಿದು ಮಾತು ಕಳೆದುಕೊಂಡವರ ಪ್ರಶ್ನೆ ಪಟ್ಟಿಗೆ ಬರುವುದು ಇತರರ ಬಾಯಿಂದಲೇ. ನೂರಾರು ಬಿಡಿ ಮಾತುಗಳನ್ನು ಒಂದು ಪ್ರಶ್ನೆಯಾಗಿ ಕೂಡಿಸುವಾಗ ಮೂಲದ ಮೊನೆ ಮೊಂಡಾಗುತ್ತದೆ. ಮೊದಲ ಹತ್ತು ಎಂಬ ಗೆರೆ ಎಳೆದ ಮೇಲೆ ಹನ್ನೊಂದನೆಯದು ಕಣ್ಮರೆಯಾಗುತ್ತದೆ. ಒಂದು ದೇಶದ ಆರೋಗ್ಯ ವ್ಯವಸ್ಥೆಯಲ್ಲಿ ಹುಟ್ಟಿದ ಪಟ್ಟಿ ಇನ್ನೊಂದಕ್ಕೆ ಹಾಗೆಯೇ ಹೊಂದುವುದಿಲ್ಲ. ಕೆನಡಾದ ಆಲ್‌ಝೈಮರ್ ಸೊಸೈಟಿ ಇದೇ ಪದ್ಧತಿಯನ್ನು ಅನುಸರಿಸಿದಾಗ, ಬ್ರಿಟನ್ನಿನ ಹತ್ತರಲ್ಲಿ ಇಲ್ಲದ, ರೋಗಕ್ಕೆ ಅಂಟಿದ ಕಳಂಕದ ಪ್ರಶ್ನೆ ಅಲ್ಲಿನ ಆದ್ಯತೆಗಳಲ್ಲಿ ಜಾಗ ಪಡೆಯಿತು.

ಅರ್ಧ ಶತಮಾನದಲ್ಲಿ ಎರಡು ದಾರಿಗಳೂ ಒಂದೊಂದು ಕೆಲಸ ಸಾಧಿಸಿವೆ. ಅಹವಾಲು ಮತ್ತು ಶಾಸನದ ದಾರಿ ಸಂಶೋಧನೆಗೆ ಹಣವನ್ನೂ ಸಂಶೋಧಕರನ್ನೂ ತಂದಿತು, ಹಂಟಿಂಗ್ಟನ್ ವಂಶವಾಹಿಯ ಪತ್ತೆಯಂಥ ಫಲ ಕೊಟ್ಟಿತು. ಸಮೀಕ್ಷೆ ಮತ್ತು ಕ್ರಮಾಂಕದ ದಾರಿ, ಬೀಳುವುದು, ನಿದ್ರೆ, ಊಟ, ಆತಂಕಗಳನ್ನು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆಗಳೆಂದು ದಾಖಲೆಗೆ ತಂದಿತು. ಮೊದಲನೆಯದರಲ್ಲಿ ಜನರ ದನಿ ದೊಡ್ಡದು, ಆಯ್ಕೆ ತಜ್ಞರದು. ಎರಡನೆಯದರಲ್ಲಿ ಆಯ್ಕೆ ಜನರದು, ಹಣದ ಚೀಲ ಬೇರೆಯವರದು. ಪಟ್ಟಿಯ ಪ್ರಶ್ನೆಗೆ ಉತ್ತರ ಸಿಗುವುದು ಅನುದಾನ ನೀಡುವ ಸಂಸ್ಥೆ ಆ ಪಟ್ಟಿಗೆ ತಾನೂ ಬದ್ಧವಾದಾಗ ಎಂಬುದನ್ನು ನೈಡಸ್‌ನಂಥ ಉದಾಹರಣೆಗಳು ತೋರಿಸಿವೆ.